ಅಮ್ಮನ ಮಂಡಿ, ಸಿಂಹಾಚಲಂ ಮೆಟ್ಟಿಲು

ವಿಜಯವಾಡದ ನಮ್ಮ ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಪಾಠ ಅಂದರೆ ಭಜನೆ. ಜುವಾಲಜಿ ಸರ್ ಒಂದು ಸಾಲು ಹೇಳಬೇಕು, ಕ್ಲಾಸಿನ ಹುಡುಗಿಯರೆಲ್ಲ ಅದನ್ನೇ ಒಕ್ಕೊರಲಿನಿಂದ ಕಿರುಚಬೇಕು. ಮನುಷ್ಯನ ಅಂಗಾಂಶಗಳ ಬಗ್ಗೆ ನಾನು ಕಲಿತಿದ್ದು ಹೀಗೇ, ಒಂದು ಮೈಕ್ರೋಸ್ಕೋಪಿನ ಮುಖವನ್ನೂ ನೋಡದೆ. ಗಂಟಲಿಗಂತೂ ಇಳಿದಿತ್ತು, ತಲೆಗೆ ಹೋಗಿತ್ತೋ ಇಲ್ಲವೋ ದೇವರೇ ಬಲ್ಲ.

ಕಾರ್ಟಿಲೇಜ್ ಪಾಠದ ದಿನ ಸರ್ ಎಲ್ಲರಿಗೂ ಕಿವಿ ಮಡಿಸಿ ನೋಡಿಕೊಳ್ಳಲು ಹೇಳಿದರು. ಮೂಳೆಯಷ್ಟು ಗಟ್ಟಿಯಲ್ಲ, ಮಾಂಸದಷ್ಟು ಮೆತ್ತಗೂ ಅಲ್ಲ. ಮಂಡಿಯೊಳಗೆ ಮೂಳೆಗೆ ಮೂಳೆ ಉಜ್ಜದ ಹಾಗೆ ಕಾಯೋದೂ ಇದರ ಜಾತಿಯದೇ ಅಂದರು. "ಇದಕ್ಕೆ ರಕ್ತನಾಳ ಇಲ್ಲ!" ಇಲ್ಲ ಅಂತ ಕಿರುಚಿದೆವು. "ಸವೆದರೆ ಮತ್ತೆ ಬೆಳೆಯೋದಿಲ್ಲ!" ಎಲ್ಲರೂ ಕಿರುಚಿದರು, ನನ್ನ ಬಾಯಿ ಮಾತ್ರ ಕಟ್ಟಿಹೋಯಿತು.

ಯಾಕೆಂದರೆ ಹಿಂದಿನ ಭಾನುವಾರವಷ್ಟೇ ಅಮ್ಮ ಫೋನಿನಲ್ಲಿ ತನ್ನ ಹರಕೆಯ ಸುದ್ದಿ ಹೇಳಿದ್ದಳು. ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದ ಮೈಸೂರು ಬಿಟ್ಟು ವೈಜಾಗಿಗೆ ಬಂದವರು ನಾವು. ಅಲ್ಲಿ ಕೆಳಗಿನ ಮನೆಯ ಆಂಟಿ ಅಮ್ಮನಿಗೆ ಮೆಟ್ಟಿಲು ಪೂಜೆ ಹೇಳಿಕೊಟ್ಟಿದ್ದರು. ಊರಂಚಿನ ಸಿಂಹಾಚಲಂ ದೇವಸ್ಥಾನದ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಬಳಿದು, ಕುಂಕುಮ ಇಟ್ಟು, ಮೇಲಕ್ಕೆ ಹೋಗೋದು. ನನಗೆ ಮೆಡಿಕಲ್ ಸೀಟು ಸಿಕ್ಕರೆ ಮಾಡ್ತೀನಿ ಅಂತ ಹೊತ್ತುಕೊಂಡಿದ್ದಾಳೆ ಮಹಾತಾಯಿ! ನೆಲಕ್ಕೆ ಕೂತರೆ ಏಳಲು ಕಿಟಕಿಯ ಸರಳು ಹಿಡಿಯುವವಳು. ಮಂಡಿ ಪೂರಾ ಸವೆದಿದೆ, ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಎಕ್ಸ್‌ರೇ ಹಿಡಿದು ಹೇಳಿದ್ದರು. ಆವಾಗ ನನಗೆ ಅದು ಬರೀ ವಯಸ್ಸಾದವರ ನೋವು, ಎಣ್ಣೆ ಹಚ್ಚಿದರೆ ಹೋಗುತ್ತೆ ಅನ್ನಿಸಿತ್ತು. ಈಗ ಗೊತ್ತಾಯಿತು. ನಾನು ಗೆದ್ದರೆ ಅವಳು ಕಾಲು ಕಳಕೊಳ್ಳುತ್ತಾಳೆ. ಸೋಲೋಣ ಅಂದರೆ, ಆ ಹಾಸ್ಟೆಲ್ ಜೈಲಿನಲ್ಲಿ ಎರಡು ವರ್ಷ ಕೊಳೆತದ್ದು ಯಾವ ಸಂಪತ್ತಿಗೆ?

ಮನೆಯವರ ಜೊತೆ ಮಾತಾಡಲು ಇದ್ದದ್ದು ಭಾನುವಾರ ಮಾತ್ರ, ಅದೂ ವಾರ್ಡನ್ ಫೋನಿನಲ್ಲಿ, ಸ್ಪೀಕರ್ ಹಾಕಿ. ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಮಾತಾಡಬೇಕು. ಮನೆಗೆ ಕರಕೊಂಡು ಹೋಗಿ ಅಂತ ಯಾರಾದರೂ ಅತ್ತರೆ ಅಲ್ಲಿಗೇ ಕಟ್. ಹರಕೆ ಬಿಡು ಅಂತ ತೆಲುಗಿನಲ್ಲಿ ಹೇಗೆ ಹೇಳೋದು ಅಂತ ವಾರವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಆ ಕಡೆಯಿಂದ "ಊಟ ಆಯ್ತೇನೇ ಪುಟ್ಟಾ?" ಅಂದದ್ದೇ ತಡ, ಎಲ್ಲ ಮರೆತು ಕನ್ನಡದಲ್ಲಿ ಗೊಳೋ ಅಂತ ಅತ್ತುಬಿಟ್ಟೆ.

"ಅಮ್ಮಾ, ನನ್ನ ಕೈಲಿ ಆಗಲ್ಲಮ್ಮಾ, ನೀನು..."

ಅಷ್ಟೇ. "ತೆಲುಗುಲೋ ಮಾಟ್ಲಾಡಮ್ಮಾ" ಅಂತ ವಾರ್ಡನ್ ಫೋನ್ ಕಟ್ ಮಾಡಿದಳು. ನನ್ನ ವಿಷಯವೇ ಬೇರೆ, ಮನೆಗೆ ಹೋಗಲು ಅಳುತ್ತಿಲ್ಲ ಅಂತ ಎಷ್ಟು ಗೋಗರೆದರೂ ಕೇಳಲಿಲ್ಲ. ಅವಳ ಮನೆ ಹಾಳಾಗ!

ಪರೀಕ್ಷೆಗೆ ಕರೆದೊಯ್ಯಲು ಅಪ್ಪ ಬಂದಾಗ ನಾನು ಮೊದಲು ಹೇಳಿದ್ದೇ ಮಂಡಿಯ ವಿಷಯ. "ಸೀಟು ಸಿಕ್ಕಿದ ಮೇಲಿನ ಮಾತು ಅದು. ನಾನೇ ತಡೀತೀನಿ, ನೀನು ನೆಮ್ಮದಿಯಾಗಿ ಬರಿ" ಅಂದರು. ಎದೆಯ ಮೇಲಿನ ಭಾರ ಇಳಿಯಿತು. ಪ್ರಶ್ನೆಪತ್ರಿಕೆಯಲ್ಲಿ ಕಾರ್ಟಿಲೇಜ್ ಪ್ರಶ್ನೆ ಇತ್ತು. ಸರಿಯಾದ ಉತ್ತರಕ್ಕೇ ಗುರುತು ಹಾಕಿದೆ. ಉಳಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಉತ್ತರ ಹೊಳೆಯದೆ ಕಣ್ಣು ಕತ್ತಲೆ.

ಮಾರನೇ ದಿನ ವೈಜಾಗಿನ ಮನೆಗೆ ಬಂದರೆ ಬಾಗಿಲು ತೆಗೆದದ್ದು ಕೆಳಗಿನ ಮನೆಯ ಆಂಟಿ. ಅಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಎರಡು ಮಂಡಿಯೂ ಊದಿ ಕುಂಬಳಕಾಯಿ ಆಗಿದ್ದವು. ಉಗುರಿನ ಸಂದಿಯಲ್ಲೆಲ್ಲ ಅರಿಶಿನ.

"ಸೀಟು ಸಿಕ್ಕಿದ ಮೇಲೆ ಅಂದಿದ್ದೆಯಲ್ಲೇ ಅಮ್ಮಾ!" ಅಂತ ಅರಚಿದೆ.

"ಅವತ್ತು ಫೋನಲ್ಲಿ ಕೈಲಾಗಲ್ಲ ಅಂತ ಅತ್ತೆಯಲ್ಲ ಪುಟ್ಟಾ. ಕೇಳಿ ಕರುಳು ಕಿತ್ತು ಬಂತು. ಆಮೇಲೆ ಮಾಡಿದರೆ ನಿನಗೇನು ಬಂತು? ನೀನು ಒಳಗೆ ಬರೀತಾ ಇರೋ ಹೊತ್ತಿಗೆ ನಾನೂ ಹತ್ತುತಾ ಇರಬೇಕು ಅನ್ನಿಸಿತು. ನಿಮ್ಮಪ್ಪನಿಗೆ ಹೇಳಿದರೆ ಬಿಡ್ತಿದ್ದರಾ? ಅದಕ್ಕೇ ಅವರು ನಿನ್ನ ಕಡೆ ಹೊರಟ ಮೇಲೆ ಹೋದೆ" ಅಂದಳು.

ಅಪ್ಪ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಸೀಟು ಸಿಗಲಿಲ್ಲ. ಹತ್ತಿರಕ್ಕೂ ಹೋಗಲಿಲ್ಲ. ಫಲಿತಾಂಶ ಬಂದ ಸಂಜೆ ಅಪ್ಪ ಬಾಲ್ಕನಿಗೆ ಹೋದರು. ಅಮ್ಮ ಮಂಚದ ಮೇಲಿದ್ದಳು, ಆ ಬೇಸಿಗೆಯೆಲ್ಲ ಬಚ್ಚಲಿಗೂ ನನ್ನ ಹೆಗಲು ಹಿಡಿದೇ ಹೋಗುತ್ತಿದ್ದಳು. ನಾನು ಎಳ್ಳೆಣ್ಣೆ ಬಿಸಿ ಮಾಡಿ ತಂದು, ಅವಳ ಮುಖ ನೋಡದೆ ಮಂಡಿ ತಿಕ್ಕತೊಡಗಿದೆ. ಕೈ ಕೆಳಗೆ ಮೂಳೆ ಕರಕರ ಅನ್ನುತ್ತಿತ್ತು.

ಅವಳು ನನ್ನ ತಲೆ ಸವರಿ, ನನ್ನನ್ನು ನಗಿಸಲಿಕ್ಕೆಂದೇ ಕೇಳಿದಳು: "ಏನ್ ಡಾಕ್ಟ್ರಮ್ಮ, ನಂದು ವಾಸಿ ಆಗುತ್ತಾ?"

ಇನ್ನಷ್ಟು ಎಣ್ಣೆ ಸುರಿದುಕೊಂಡು, "ಆಗುತ್ತಮ್ಮ" ಅಂದೆ.