ಹಿಟ್ಟಿನ ಮಿಲ್ಲಿನ ಯಶೋದಮ್ಮ ಮತ್ತು ಕಲ್ಲಿದ್ದಲ ಜಗಳ

ಬೆಂಗಳೂರಿನ ಮಲ್ಲತ್ತಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಹಿಟ್ಟಿನ ಮಿಲ್ ನಡೆಸುವ ಯಶೋದಮ್ಮ ಕಲ್ಲಿದ್ದಲನ್ನು ಕಣ್ಣಾರೆ ಕಂಡವಳಲ್ಲ. ಆದರೂ ಹಿರೇಕಣವಿಯ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬೇಕೇ ಬೇಕು ಎಂದು ಅವಳು ಕೂಗಿದ್ದಾಳೆ, ಬೇಡವೇ ಬೇಡ ಎಂದೂ ಕೂಗಿದ್ದಾಳೆ. ಎರಡು ಸಲವೂ ಗಂಟಲು ಕಟ್ಟುವಷ್ಟು ಮನಸ್ಸಿಟ್ಟು ಕೂಗಿದ್ದಳು. ಇದರಲ್ಲಿ ಹುಳುಕು ಹುಡುಕುವವರು ಮೊದಲು ದೊಡ್ಡವರ ಕಡೆ ನೋಡಲಿ. ಹಿಂದಿನ ಸರ್ಕಾರ ಇದ್ದಾಗ ಸ್ಥಾವರಕ್ಕೆ ಅನುಮತಿ ಕೊಡಕೂಡದೆಂದು ಧರಣಿ ಕೂತಿದ್ದವರೇ ಈಗ ಕುರ್ಚಿಯಲ್ಲಿ ಕೂತು ಅನುಮತಿ ಕೊಟ್ಟೇ ತೀರುತ್ತೇವೆ ಎನ್ನುತ್ತಿದ್ದರು. ಆಗ ಕೊಡುತ್ತೇವೆಂದು ಹೊರಟಿದ್ದವರು ಈಗ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದು ಧರಣಿ ಕೂತಿದ್ದರು. ಹಿರೇಕಣವಿ ಎಲ್ಲಿದೆ ಎಂದು ಯಶೋದಮ್ಮ ಯಾರನ್ನೂ ಕೇಳಲಿಲ್ಲ, ಯಾರೂ ಅವಳಿಗೆ ಹೇಳಲೂ ಇಲ್ಲ.

ಈ ಕೂಗುವ ಕಸುಬು ಅವಳಿಗೆ ಅಂಟಿಕೊಂಡದ್ದು ಮಿಲ್ಲಿನಿಂದಲೇ. ರಾಗಿ ತಂದ ಹೆಂಗಸರು ಹಿಟ್ಟಾಗುವ ತನಕ ಮಿಲ್ಲಿನ ಮುಂದಿನ ಜಗಲಿಯ ಮೇಲೆ ಕೂರುತ್ತಾರೆ. ಹಿಟ್ಟಾದ ಮೇಲೂ ಕೂರುತ್ತಾರೆ. ಯಾರ ಸೊಸೆ ತವರಿಗೆ ಹೋಗಿ ಇನ್ನೂ ಬಂದಿಲ್ಲ, ಯಾರು ಮೂರನೇ ಮಹಡಿ ಎಬ್ಬಿಸಿ ಪಕ್ಕದವರ ಗಾಳಿ ತಡೆದರು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಹೀಗಾಗಿ ಸಭೆಗೆ ಹೆಂಗಸರು ಬೇಕೆಂದರೆ ಆ ಜಗಲಿಗೆ ಬರಬೇಕು ಎಂಬುದನ್ನು ವಾರ್ಡಿನ ಲೀಡರುಗಳು ಬೇಗ ಕಲಿತರು. ಟೈಲ್ಸ್ ಅಂಗಡಿಯ ಚನ್ನವೀರೇಶ್ ಆಳುವ ಪಕ್ಷದವನು. ಯಶೋದಮ್ಮನ ತಂಗಿಯ ಮಗ ಕಾಂತರಾಜು ಎದುರು ಪಕ್ಷದವನು. ಇಬ್ಬರೂ ಬಸ್ಸು ಕಳಿಸುತ್ತಿದ್ದರು, ಚಿತ್ರಾನ್ನದ ಪೊಟ್ಟಣ ಕೊಡುತ್ತಿದ್ದರು. ಫ್ರೀಡಂ ಪಾರ್ಕಿನಲ್ಲಿ ಹೇಗೆ ಕೂರಬೇಕೆಂಬುದನ್ನು ಮಾತ್ರ ಯಶೋದಮ್ಮನೇ ಕಲಿಸಿಕೊಟ್ಟಿದ್ದಳು: ಮುದುಕಿಯರು ಮುಂದೆ, ಗಂಟಲು ಗಟ್ಟಿ ಇರುವವರು ನಡುವೆ, ಪೊಲೀಸರು ಬಂದರೆ ಏಳಕೂಡದು, ಸೆರಗು ಬಾಯಿಗೊತ್ತಿಕೊಂಡು ಅಳಬೇಕು.

ಹೊರಗೆ ಇಷ್ಟೆಲ್ಲ ದರ್ಬಾರು ನಡೆಸುತ್ತಿದ್ದವಳಿಗೆ ಒಳಗೆ ಒಂದು ಹೆದರಿಕೆ ಹುಟ್ಟಿಕೊಂಡಿತ್ತು. ಹಳೇ ಊರಿನ ಸುತ್ತ ನಾಲ್ಕು ಮಹಡಿಯ ಬಾಡಿಗೆ ಮನೆಗಳು, ಪೀಜಿಗಳು ಎದ್ದು, ರೂಮಿಗೊಂದು ಗೀಸರ್ ಬಂದಿತ್ತು. ಬೀದಿಯ ಕೊನೆಯ ಹಳೇ ಟ್ರಾನ್ಸ್‌ಫಾರ್ಮರ್ ಇಡೀ ಊರನ್ನು ಹೊತ್ತು ಏದುಸಿರು ಬಿಡುತ್ತಿತ್ತು. ಬೆಳಗಾದರೆ ವೋಲ್ಟೇಜ್ ಇಳಿಯುತ್ತಿತ್ತು, ಮಿಲ್ಲಿನ ಮೋಟಾರು ಮುಲುಗಿ ನಿಲ್ಲುತ್ತಿತ್ತು. ಎರಡು ಸಲ ಕಾಯಿಲ್ ಸುಟ್ಟಿತ್ತು. ಇನ್ನೊಂದು ಸಲ ಸುಟ್ಟರೆ ಗುಜರಿಗೆ ಹಾಕಿಬಿಡಿ ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದ. ಗಂಡ ತೀರಿಕೊಂಡ ಮೇಲೆ ಯಶೋದಮ್ಮನನ್ನು ನಿಲ್ಲಿಸಿದ್ದು ಆ ಮಿಲ್ಲು. ಅದು ನಿಂತರೆ ತಾನು ಮಗನ ಮನೆಯ ಸೋಫಾದ ಮೂಲೆಯಲ್ಲಿ ಧಾರಾವಾಹಿ ನೋಡುತ್ತಾ ಕೂರುವ ಮುದುಕಿಯಾಗಿಬಿಡುತ್ತೇನೆ ಎಂದು ಅವಳಿಗೆ ನಿಜವಾಗಿಯೂ ಭಯವಿತ್ತು. ಕರೆಂಟ್ ಆಫೀಸಿಗೆ ಅಲೆದು ಚಪ್ಪಲಿ ಸವೆದದ್ದೇ ಬಂತು.

ಈ ಬೇಸಿಗೆಯಲ್ಲಿ ಸ್ಥಾವರದ ಜಗಳ ತಾರಕಕ್ಕೇರಿತು. ಬೇಕು ಎನ್ನುವವರ ಸಭೆಯೂ ಬೇಡ ಎನ್ನುವವರ ಧರಣಿಯೂ ಒಂದೇ ಭಾನುವಾರಕ್ಕೆ ಗೊತ್ತಾದವು. ಇಬ್ಬರು ಲೀಡರೂ ಒಂದೇ ಬೆಳಿಗ್ಗೆ ಜಗಲಿಗೆ ಬಂದು, ಒಬ್ಬರನ್ನೊಬ್ಬರು ನೋಡಿ ನಕ್ಕು, ಒಬ್ಬ ಆ ತುದಿಗೆ ಇನ್ನೊಬ್ಬ ಈ ತುದಿಗೆ ಕೂತರು. ಚನ್ನವೀರೇಶ್ ಸ್ಥಾವರ ಬಾರದಿದ್ದರೆ ರಾಜ್ಯವೇ ಕತ್ತಲಾಗುತ್ತದೆ ಎಂದ. ಕಾಂತರಾಜು ಅದು ಬಂದರೆ ಹಿರೇಕಣವಿಯ ಬಾವಿಯಲ್ಲೂ ಬೂದಿ, ಎಳೇ ಮಕ್ಕಳ ಎದೆಯಲ್ಲೂ ಬೂದಿ ಎಂದ. ಯಶೋದಮ್ಮ ಜರಡಿ ಕೊಡವುತ್ತಾ ಇಬ್ಬರ ಮಾತನ್ನೂ ಪೂರ್ತಿ ಕೇಳಿದಳು.

"ಆ ಸ್ಥಾವರ ಬರ್ಲಿ, ಬರ್ದೆ ಇರ್ಲಿ ಕಣ್ರಪ್ಪ," ಎಂದಳು. "ನಮ್ ಬೀದಿಗೊಂದು ಟ್ರಾನ್ಸ್‌ಫಾರ್ಮರ್ ಹಾಕ್ಸಿ. ಯಾರು ಹಾಕ್ಸ್ತೀರೋ ಅವರ ಬಸ್ ಹತ್ತೀವಿ."

ವರ್ಷಗಟ್ಟಲೆ ಅಲುಗಾಡದಿದ್ದ ಫೈಲು ಆ ವಾರ ಕಾಲು ಬಂದಂತೆ ಓಡಿತು. ಚನ್ನವೀರೇಶ್ ಮಂತ್ರಿಯ ಮನೆ ಬಾಗಿಲು ಕಾದ, ಕಾಂತರಾಜು ತನ್ನ ಪಕ್ಷದ ಶಾಸಕರಿಂದ ದಿನಕ್ಕೆರಡು ಸಲ ಫೋನ್ ಮಾಡಿಸಿದ. ಭಾನುವಾರಕ್ಕೆ ಮೊದಲೇ ಲಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಬಂತು. ಲಾರಿಯ ಮುಂದೆ ಒಂದು ಪಕ್ಷದ ಬಾವುಟ, ಹಿಂದೆ ಇನ್ನೊಂದು ಪಕ್ಷದ ಬಾವುಟ. ತಂದವರು ಇಬ್ಬರೂ ಹೌದು ಎಂದು ತೀರ್ಪು ಕೊಟ್ಟ ಯಶೋದಮ್ಮ, ಬೀದಿಯ ಬಲಗಡೆಯ ಹೆಂಗಸರು ಬೇಕು ಅನ್ನುವವರ ಬಸ್ಸಿಗೆ, ಎಡಗಡೆಯವರು ಬೇಡ ಅನ್ನುವವರ ಬಸ್ಸಿಗೆ ಎಂದು ಹಂಚಿಬಿಟ್ಟಳು. ಯಾರೂ ತಕರಾರು ಮಾಡಲಿಲ್ಲ, ಎರಡು ಕಡೆಯೂ ಚಿತ್ರಾನ್ನವೇ ಇತ್ತು.

ತಕರಾರು ಶುರುವಾದದ್ದು ಟ್ರಾನ್ಸ್‌ಫಾರ್ಮರನ್ನು ಎಲ್ಲಿಡಬೇಕು ಎಂಬ ಮಾತು ಬಂದಾಗ. ಕರೆಂಟ್ ಆಫೀಸಿನ ಅಮರೇಶ ಎಂಬ ಎಳೆಯ ಎಂಜಿನಿಯರು ಟೇಪು ಹಿಡಿದು ಅಳೆದು, ಇಡೀ ಬೀದಿಯಲ್ಲಿ ಮೂರೇ ಕಡೆ ಜಾಗವಿದೆ ಎಂದ. ಒಂದು ವೆಂಕಟಲಕ್ಷ್ಮಮ್ಮನ ಕಾಂಪೌಂಡಿನ ಹೊರಗೆ, ಇನ್ನೊಂದು ಬೇಕರಿಯ ಮೂಲೆ, ಮತ್ತೊಂದು ಮಿಲ್ಲಿನ ಮುಂದೆ. ಮಿಲ್ಲಿನ ಮುಂದೆಯಾದರೆ ಜಗಲಿ ಒಡೆಯಬೇಕು, ಆದ್ದರಿಂದ ಬೇರೆ ಎರಡರಲ್ಲಿ ಒಂದು ಕಡೆ ನಾಳೆ ಗುಂಡಿ ತೆಗೆಸುತ್ತೇನೆ ಎಂದು ಹೇಳಿ ಹೋದ. ಟ್ರಾನ್ಸ್‌ಫಾರ್ಮರಿಗೆ ಆರತಿ ಎತ್ತಲು ಸಿದ್ಧರಾಗಿದ್ದ ಹೆಂಗಸರ ಮುಖ ಸಣ್ಣಗಾಯಿತು. ಅದು ಸಿಡಿಯುತ್ತದಂತೆ, ಎಣ್ಣೆ ಸೋರುತ್ತದಂತೆ, ಅದರ ಮುಂದಿನ ಮನೆಗೆ ಬಾಡಿಗೆಯವರೇ ಬರುವುದಿಲ್ಲವಂತೆ ಎಂಬ ಸುದ್ದಿ ಮನೆಯಿಂದ ಮನೆಗೆ ಹೋಯಿತು.

ಮಾರನೇ ದಿನ ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ದೇವರುಗಳು ಎದ್ದಿದ್ದರು. ಬೇಕರಿಯ ಮೂಲೆಯಲ್ಲಿ ಗಣಪತಿಯ ಟೈಲ್ಸು, ಅದರ ಮುಂದೆ ಇನ್ನೂ ಆರದ ಊದುಬತ್ತಿ. ವೆಂಕಟಲಕ್ಷ್ಮಮ್ಮನ ಕಾಂಪೌಂಡಿನ ಬುಡದಲ್ಲಿ ಒಂದು ಕರೀ ಗುಂಡುಕಲ್ಲು, ಮೈತುಂಬ ಅರಿಶಿನ ಕುಂಕುಮ, ತಲೆಯ ಮೇಲೆ ಚೆಂಡು ಹೂವು. ದೇವರಿರುವ ಜಾಗಕ್ಕೆ ಗುದ್ದಲಿ ಹಾಕುವ ಗಂಡಸು ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಅಮರೇಶ ಬಂದವನೇ ಶೂ ಬಿಚ್ಚಿ ಕೈ ಮುಗಿದು, ದೇವರನ್ನು ಎತ್ತಿಡುವ ಆರ್ಡರು ತನ್ನ ಹತ್ತಿರ ಇಲ್ಲ ಎಂದ.

ಯಶೋದಮ್ಮ ಸೀದಾ ವೆಂಕಟಲಕ್ಷ್ಮಮ್ಮನ ಬಾಗಿಲಿಗೆ ಹೋದಳು.

"ಅದು ನಿಮ್ಮನೆ ರುಬ್ಬೋ ಗುಂಡು ತಾನೇ?"

"ನಿನ್ನೆವರ್ಗೂ ಆಗಿತ್ತು ಕಣೇ," ಎಂದಳು ವೆಂಕಟಲಕ್ಷ್ಮಮ್ಮ, ಮಡಿಯುಟ್ಟು ನಿಂತವಳು.

ಆ ಗುಂಡಿನಲ್ಲಿ ರುಬ್ಬಿದ ಇಡ್ಲಿಯನ್ನು ಯಶೋದಮ್ಮ ಎಷ್ಟೋ ಸಲ ತಿಂದಿದ್ದಳು. ಎತ್ತಿ ಅವರ ಅಡುಗೆಮನೆಗೆ ಎಸೆದುಬಿಡಬೇಕೆಂದು ಬಗ್ಗಿದಳು. ಆದರೆ ಕುಂಕುಮ ಕಂಡ ಕೈ ಅವಳ ಮಾತು ಕೇಳಲಿಲ್ಲ. ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತನ್ನ ಮೇಲೆ ತಾನೇ ರೇಗುತ್ತಾ ಹಿಂದಿರುಗಿ ಬಂದಳು.

ಅಷ್ಟರಲ್ಲಿ ಲಾರಿಯವನು ಕಾದು ಬೇಸತ್ತು, ಸಾಮಾನನ್ನು ಎಲ್ಲಾದರೂ ಇಳಿಸಿ ಹೋಗುತ್ತೇನೆಂದು ಗಾಡಿ ಶುರು ಮಾಡಿದ. ತಮ್ಮ ಮನೆ ಮುಂದೆಯೇ ಇಳಿಸಿಬಿಟ್ಟಾನೆಂದು ಹೆಂಗಸರೆಲ್ಲ ಬಂದು ಚಕ್ರದ ಮುಂದೆ ಕೂತುಬಿಟ್ಟರು. ಬಲಗಡೆಯವರೂ ಕೂತರು, ಎಡಗಡೆಯವರೂ ಕೂತರು. ಮುದುಕಿಯರು ಮುಂದೆ, ಗಟ್ಟಿ ಗಂಟಲಿನವರು ನಡುವೆ. ಯಶೋದಮ್ಮ ಏಳಿ ಎಂದು ಗದರಿಸಿದರೆ ಎಲ್ಲರೂ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದರು. ನಡುವಿನಿಂದ ಯಾರೋ ಬೇಡವೇ ಬೇಡ ಎಂದು ಘೋಷಣೆ ಎತ್ತಿಕೊಟ್ಟರು. ಪೊಲೀಸರು ನಿಲ್ಲುವ ಜಾಗದಲ್ಲಿ ತಾನು ನಿಂತಿದ್ದೇನೆ ಎಂದು ಯಶೋದಮ್ಮನಿಗೆ ಆಗ ಹೊಳೆಯಿತು. ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು, ಆದರೆ ಸಾಲು ಮಾತ್ರ ಎಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದೂ ಅನ್ನಿಸದೆ ಇರಲಿಲ್ಲ.

ಸಂಜೆಯೊಳಗೆ ಜಾಗ ತೋರಿಸದಿದ್ದರೆ ಲಾರಿ ಬೇರೆ ವಾರ್ಡಿಗೆ ಹೋಗುತ್ತದೆ ಎಂದು ಅಮರೇಶ ಹೇಳಿದ. ಉಳಿದಿದ್ದ ಜಾಗ ಮಿಲ್ಲಿನ ಜಗಲಿಯೊಂದೇ. ಮಧ್ಯಾಹ್ನ ಯಶೋದಮ್ಮ ಹಿತ್ತಲಿಗೆ ಹೋಗಿ ಅತ್ತೆಯ ಕಾಲದ ಬೀಸುಕಲ್ಲನ್ನು ಉರುಳಿಸಿಕೊಂಡು ಬಾಗಿಲ ತನಕ ತಂದಳು. ಬಟ್ಟಲಲ್ಲಿ ಅರಿಶಿನವನ್ನೂ ಕಲಸಿದಳು. ದೇವರನ್ನು ಮಾಡುವುದು ಅವಳಿಗೇನು ಬಾರದ ವಿದ್ಯೆಯೇ? ಒಳಗೆ ಯಾರದೋ ರಾಗಿ ಹಾಕಿದ್ದ ಮೋಟಾರು ಮುಲುಗಿ ನಿಂತಿತು, ಸುಟ್ಟ ವಾಸನೆ ತೆಳ್ಳಗೆ ಬಂತು. ಓಡಿಹೋಗಿ ಸ್ವಿಚ್ ಆರಿಸಿದಳು. ಬಿಸಿ ಮೋಟಾರಿನ ಮೇಲೆ ಕೈಯಿಟ್ಟು ನೋಡಿ, ಹೊರಗೆ ಬಂದು ಅರಿಶಿನವನ್ನು ಮೋರಿಗೆ ಚೆಲ್ಲಿದಳು.

"ಇಲ್ಲೇ ಹಾಕಪ್ಪ," ಎಂದಳು ಅಮರೇಶನಿಗೆ. "ಜಗಲಿ ಒಡ್ಕೋ."

ಮಿಲ್ಲು ಈಗ ಬೆಳಗಿನಿಂದ ಸಂಜೆಯ ತನಕ ಒಂದೇ ಉಸಿರಿಗೆ ತಿರುಗುತ್ತದೆ. ಬೀದಿಯ ಗೀಸರುಗಳೆಲ್ಲ ಉರಿಯುತ್ತವೆ. ಆದರೆ ಜಗಲಿ ಇದ್ದ ಕಡೆ ಕಂಬ ನೆಟ್ಟು ಬೇಲಿ ಹಾಕಿದ್ದಾರೆ, ಅದರೊಳಗೆ ಬೂದು ಬಣ್ಣದ ಡಬ್ಬವೊಂದು ಗುಂಯ್‌ಗುಡುತ್ತಿರುತ್ತದೆ. ಹೆಂಗಸರು ಚೀಲವನ್ನು ಒಳಗೆ ತಳ್ಳಿ, ಆಮೇಲೆ ಬರ್ತೀವಿ ಎಂದು ದೂರ ಸರಿಯುತ್ತಾರೆ. ಕೂತು ಮಾತಾಡಲು ಅವರಿಗೀಗ ವೆಂಕಟಲಕ್ಷ್ಮಮ್ಮನ ಗುಂಡಿನ ಸುತ್ತ ಹೊಸದಾಗಿ ಎದ್ದ ಕಟ್ಟೆ ಸಿಕ್ಕಿದೆ. ಅಲ್ಲಿ ಸಂಜೆ ದೀಪ ಹಚ್ಚಿ ಭಜನೆಯನ್ನೂ ಮಾಡುತ್ತಾರೆ. ಯಶೋದಮ್ಮನಿಗೆ ಇದರಿಂದ ನುಂಗಲಾರದಷ್ಟು ದುಃಖವಾಯಿತು. ಮುಂದಿನ ಸಭೆಗೆ ಜನ ಕೇಳಲು ಬಂದ ಇಬ್ಬರು ಲೀಡರನ್ನೂ ಅವಳು ಆ ಕಟ್ಟೆಯ ಕಡೆಗೇ ಕೈ ತೋರಿಸಿ ಕಳಿಸಿದಳು.

ಆ ವಾರವೇ ಟಿವಿಯಲ್ಲಿ ಹಿರೇಕಣವಿಯವರನ್ನು ತೋರಿಸಿದರು. ಯಾವ ಪಕ್ಷದ ಬಸ್ಸೂ ಇಲ್ಲದೆ ತಾವೇ ರೈಲು ಹತ್ತಿ ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಇವರಿಗೆ ಕರೆಂಟು ಬೇಕಂತೆ, ಸ್ಥಾವರ ಮಾತ್ರ ತಮ್ಮ ಊರಲ್ಲಿ ಬೇಡವಂತೆ ಎಂದು ಕೋಟು ಹಾಕಿ ಸುದ್ದಿ ಓದುವ ಹುಡುಗ ನಗುತ್ತಾ ಹೇಳಿದ. ಇವನ ಮನೆ ಮುಂದೆ ತಂದಿಟ್ಟರೆ ಗೊತ್ತಾಗುತ್ತಿತ್ತು ಎಂದು ಯಶೋದಮ್ಮ ಗೊಣಗಿ ಟಿವಿ ಆರಿಸಿದಳು. ಮಾರನೇ ದಿನ ಮಿಲ್ಲಿಗೆ ಬೀಗ ಹಾಕಿ, ಒಬ್ಬಳೇ ಬಿಎಂಟಿಸಿ ಬಸ್ಸು ಹಿಡಿದು ಹೊರಟಳು.

ಫ್ರೀಡಂ ಪಾರ್ಕಿನ ಆ ಮೂಲೆಯಲ್ಲಿ ವೇದಿಕೆ ಇರಲಿಲ್ಲ, ಮೈಕ್ ಇರಲಿಲ್ಲ. ಒಂದಷ್ಟು ಜನ ಜಮಖಾನೆ ಹಾಸಿಕೊಂಡು, ರೊಟ್ಟಿಯ ಗಂಟು ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ತುದಿಯಲ್ಲಿದ್ದ ಹೆಂಗಸು, ಹನುಮಕ್ಕ ಎಂದು ಎಲ್ಲರೂ ಕರೆಯುತ್ತಿದ್ದವಳು, ಯಶೋದಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾವ ಪಾರ್ಟಿಯವರು ಕಳಿಸ್ಯಾರವ್ವಾ ನಿಮ್ಮನ್ನ?"

"ಯಾವ ಪಾರ್ಟಿಯೋರೂ ಇಲ್ಲ ಕಣಮ್ಮ," ಎಂದಳು ಯಶೋದಮ್ಮ. "ನಮ್ಮನೆ ಮುಂದೂ ತಂದಿಟ್ಟವ್ರೆ."

ಹನುಮಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬೆಂಗಳೂರಿನೊಳಗೂ ಸ್ಥಾವರ ಇಡುತ್ತಾರೆಂದು ಅವಳು ಎಣಿಸಿರಲಿಲ್ಲ. ಎಷ್ಟು ದೊಡ್ಡದು ಎಂದು ಮೆಲ್ಲಗೆ ಕೇಳಿದಳು. ಯಶೋದಮ್ಮ ಎರಡು ಕೈ ಅಗಲಿಸಿ ಅಳತೆ ತೋರಿಸಲು ಹೋಗಿ, ತೋರಿಸದೆ ಕೈ ಇಳಿಸಿದಳು.

"ನಮ್ಗೆ ದೊಡ್ಡದೇ ಕಣಮ್ಮ."

ಹನುಮಕ್ಕ ರೊಟ್ಟಿಯ ಗಂಟನ್ನು ಮಡಿಲಿಗೆ ಎತ್ತಿಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.