ಅಮ್ಮ ಕೇಳಿದ ಒಂದು ಪುಟ

ಬರೆಯಲು ಕೂತು ಮುಗಿಸಲಾಗದವರು ನನ್ನ ಬಳಿ ಬಂದರೆ ಮೊದಲು ಹೇಳುವುದು ಇದನ್ನೇ: ಒಬ್ಬರೇ ಒದ್ದಾಡಬೇಡಿ. ಇನ್ನಿಬ್ಬರನ್ನು ಹುಡುಕಿಕೊಳ್ಳಿ, ಅವರಿಗೆ ಮಾತು ಕೊಡಿ, ತಪ್ಪಿದರೆ ನಾಚಿಕೆಯಾಗುವಂತೆ ಏರ್ಪಾಡು ಮಾಡಿಕೊಳ್ಳಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಸೀರೆ ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಮಾರುತ್ತಿದ್ದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅಮ್ಮನ ಬದುಕನ್ನು ಪುಸ್ತಕ ಮಾಡುವ ಹುಚ್ಚು. ಪರಿಚಯದ ಮೇಷ್ಟರೊಬ್ಬರು ನಾಟಕ ಬರೆಯುತ್ತಿದ್ದರು. ಪವರ್‌ಲೂಮ್ ಇಟ್ಟಿದ್ದ ಗೆಳೆಯ, ಕತೆ. ಮೂವರದೂ ಅರ್ಧಕ್ಕೆ ನಿಂತಿತ್ತು. ಪ್ರತಿ ಮಂಗಳವಾರ ಸಂಜೆ ಕರೆಂಟ್ ತೆಗೆಯುವ ಹೊತ್ತಿಗೆ ಗೆಳೆಯನ ಶೆಡ್ಡಿನಲ್ಲಿ ಸೇರುವುದೆಂದು ಗೊತ್ತುಮಾಡಿಕೊಂಡೆವು. ಮಗ್ಗ ಓಡುವಾಗ ಅಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ವಾರಕ್ಕೆ ನಾಲ್ಕು ಪುಟ. ತರದವನು ನೇಕಾರರೆಲ್ಲರ ಮುಂದೆ ನಿಂತು ಒಪ್ಪಿಕೊಳ್ಳಬೇಕು.

ಒಮ್ಮೆ ಮೇಷ್ಟರೇ ನಿಲ್ಲಬೇಕಾಯಿತು.

"ಏನ್ ಮೇಷ್ಟ್ರೇ, ಹೋಂವರ್ಕ್ ಮಾಡ್ಲಿಲ್ವಾ? ಬೆಂಚ್ ಮೇಲೆ ನಿಂತ್ಕಳಿ ಮತ್ತೆ!" ಎಂದು ನೇಕಾರನೊಬ್ಬ ಕೂಗಿದ. ಆಮೇಲೆ ಅವರು ಒಂದು ವಾರವೂ ತಪ್ಪಿಸಲಿಲ್ಲ.

ಇನ್ನೊಂದು ಷರತ್ತು ನಾನೇ ಹಾಕಿದ್ದು: ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಓದಿ ಹೇಳಬಾರದು. ಮಗ್ಗದ ಮೇಲಿರುವ ಸೀರೆಯನ್ನು ನಾನು ಗಿರಾಕಿಗೆ ತೋರಿಸಿದವನಲ್ಲ. ಮನೆಯವರು ಹೊಗಳಿಬಿಟ್ಟರೆ ಕೈ ಸಡಿಲವಾಗುತ್ತದೆ ಎಂದು ವಾದಿಸಿ ಇಬ್ಬರನ್ನೂ ಒಪ್ಪಿಸಿದೆ.

ಅಮ್ಮನಿಗೆ ಓದು ಬಾರದು. ಅವಳಿಗೆ ಉಬ್ಬಸ ಹೆಚ್ಚಾಗಿ, ಜಾಸ್ತಿ ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳಿರುವಾಗಲೇ ಪೂರ್ತಿ ಓದಿ ಹೇಳಬೇಕೆಂದೇ ನನ್ನ ಅವಸರ.

"ನನ್ ಕತೆ ಎಲ್ಲಿಗ್ ಬಂತಪ್ಪಾ?"

"ಇನ್ನೂ ಸ್ವಲ್ಪ ಐತೆ ಕಣಮ್ಮಾ. ಮುಗಿಸ್ಬಿಟ್ಟು ಓದ್ತೀನಿ."

"ಅರ್ಧ ಓದು."

"ಆಗಲ್ಲಮ್ಮಾ."

"ಹೋಗ್ಲಿ, ಒಂದೇ ಒಂದು ಪುಟ ಓದಪ್ಪಾ. ಹೆತ್ತೋಳು ಇಷ್ಟು ಚೌಕಾಸಿ ಮಾಡ್ತಿದೀನಿ."

"ಮಾತು ಕೊಟ್ಬಿಟ್ಟಿದೀನಿ."

"ಗಟ್ಟಿ ಯಾಪಾರಿ ಕಣಪ್ಪಾ ನೀನು," ಎಂದು ನಕ್ಕು, ಗೋಡೆಯ ಕಡೆ ಹೊರಳಿದಳು. ನಾನು ಹೆಮ್ಮೆಪಟ್ಟೆ.

ಇನ್ನೂ ಹನ್ನೆರಡು ಪುಟ ಬಾಕಿಯಿದ್ದಾಗ ಅಮ್ಮ ಹೋದಳು.

ನಾನು ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಎಸೆದೆ. ಗೆಳೆಯ ಇಳಿಸಿಕೊಟ್ಟು, "ಕೊಟ್ಟ ಮಾತು ಕೊಟ್ಟಿದ್ದೇ ಕಣೋ," ಎಂದ. ಮೂರು ಮಂಗಳವಾರದಲ್ಲಿ ಮುಗಿಯಿತು. ಈಗ ಮನೆಯಲ್ಲಿ ಓದಬಹುದಿತ್ತು. ಗೆಳೆಯರಿಬ್ಬರೂ ಬಂದರು, ಸಮೇತನಹಳ್ಳಿಯಿಂದ ಚಿಕ್ಕಮ್ಮನೂ ಬಂದಳು, ಅಮ್ಮನ ತಂಗಿ. ಅಮ್ಮ ಕಷ್ಟಕಾಲದಲ್ಲಿ ಮದುವೆ ಸೀರೆಯನ್ನು ಮಾರಿಬಿಟ್ಟಳು ಎಂಬಲ್ಲಿಗೆ ಬಂದೆ. ಅವಳ ಟ್ರಂಕಿನಲ್ಲಿ ಆ ಸೀರೆ ಇರಲಿಲ್ಲವೆಂದು ನಾನೇ ಊಹಿಸಿ ಬರೆದದ್ದು. ಸೀರೆ ಮಾರಿಯೇ ಬದುಕಿದವನಿಗೆ ಬೇರೇನು ಹೊಳೆದೀತು?

"ನಿಲ್ಸು," ಎಂದಳು ಚಿಕ್ಕಮ್ಮ. "ಮಾರಿದ್ಲು ಅಂತ ಯಾರ್ ಹೇಳಿದ್ರು ನಿಂಗೆ? ಕೆಳಗೆ ಮಲಗ್ಸಿದ್ರೆ ಊರೇ ಎದ್ದು ಕೂರೋ ಹಂಗೆ ಕಿರುಚ್ತಿದ್ದೆ ನೀನು. ಆ ಸೀರೇನ ತೊಲೆಗೆ ಜೋಲಿ ಕಟ್ಟಿ ನಿನ್ನ ತೂಗಿದ್ಲು, ಅದು ಹರಿದು ಚಿಂದಿ ಆಗೋಗಂಟ. ಬದುಕಿದ್ದಾಗ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಮೇಷ್ಟರು ತಲೆ ತಗ್ಗಿಸಿದರು. ನನಗೆ ಮುಂದೆ ಓದಲಾಗಲಿಲ್ಲ.

ಗುಂಪು ಕಟ್ಟಿ, ಗಡುವು ಇಡಿ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಯಾರ ಕತೆ ಬರೆಯುತ್ತಿದ್ದೀರೋ ಅವರೇ ಒಂದು ಪುಟ ಕೇಳಿದರೆ ಷರತ್ತು ಮುರಿದು ಓದಿಬಿಡಿ.

ಅಂದು ಓದು ನಿಂತ ಮೇಲಿನ ಮಂಗಳವಾರ, ಸೀರೆಯ ಆ ಪುಟವನ್ನು ತಿದ್ದಿಕೊಂಡು ಶೆಡ್ಡಿಗೆ ಹೋದೆ. ಇಡೀ ಪುಸ್ತಕದಲ್ಲಿ ನಿಜವೆಂದು ನನಗೆ ಖಾತ್ರಿಯಿರುವುದು ಅದೊಂದೇ ಪುಟ.