ಮಸ್ಕಿಯ ಕಾಕಿ ಮತ್ತು ಬಲಗಡೆಯ ಕಾಲಂ

ಮೊನ್ನೆ ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬಸ್ಸಿನಲ್ಲಿ, ಮುಂದಿನ ಸೀಟಿನ ಹೆಂಗಸಿನ ಜಡೆಯಿಂದ ಮೆಂತ್ಯೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಕಿಟಕಿ ತೆರೆದೆ. ಮಸ್ಕಿ ದಾಟಿದರೂ ಹೋಗಲಿಲ್ಲ. ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಿಯ ತಲೆಯೂ ಹೀಗೇ ನಾರುತ್ತಿತ್ತು. ನಾರುತ್ತಿತ್ತು ಎಂದೇ ಬರೆಯುತ್ತೇನೆ. ಬದುಕಿದ್ದಾಗ ಅವಳ ಎದುರಿಗೇ ಹಾಗನ್ನುತ್ತಿದ್ದೆ, ಸತ್ತಳೆಂದು ಅದನ್ನು ಘಮ ಮಾಡುವುದು ನನ್ನಿಂದಾಗದು.

ಕಾಕಿ ನಮ್ಮ ರಕ್ತಸಂಬಂಧಿಯಲ್ಲ. ಎರಡು ಮನೆಗಳ ನಡುವೆ ಒಂದು ಗೋಡೆ, ಅಷ್ಟೇ. ಆದರೆ ನಮ್ಮಲ್ಲಿ ಯಾರು ತಡವಾಗಿ ಎದ್ದರು, ಯಾರು ಯಾರ ಮೇಲೆ ಸಿಟ್ಟಾದರು, ಎಲ್ಲದಕ್ಕೂ ಗೋಡೆಯಾಚೆಯಿಂದ ತೀರ್ಪು ಬರುತ್ತಿತ್ತು. ಬಾಯಿ ಬಹಳ ಕೆಟ್ಟದ್ದು. ಗಂಡ, ಮಗ, ಹಾಲು ಹಾಕುವವ, ಯಾರನ್ನೂ ಬಿಡುತ್ತಿರಲಿಲ್ಲ. ನಾನು ಎಮ್ಮೆಸ್ಸಿ ಮುಗಿಸಿ, ಸಿಂಧನೂರಿನಲ್ಲಿ ಬಾಡಿಗೆ ಮನೆ ಹಿಡಿದು ಅಲ್ಲಿಂದಲೇ ಕಂಪ್ಯೂಟರ್ ಕೆಲಸ ಶುರುಮಾಡಿದಾಗ, "ಮನ್ಯಾಗ ಕುಂತು ಪಗಾರ ತಗೊಳ್ಳೋದು ಎಂಥಾ ನೌಕರಿ ಬೇ?" ಎಂದಿದ್ದಳು.

ನನ್ನ ನೌಕರಿ ಇದು. ಕ್ಯಾನ್ಸರ್ ಕುರಿತ ಸಂಶೋಧನಾ ಲೇಖನಗಳನ್ನು ಓದಬೇಕು. ರಕ್ತದಲ್ಲೋ ಗಡ್ಡೆಯ ತುಣುಕಿನಲ್ಲೋ ಸಿಗುವ ಯಾವ ಗುರುತು ಯಾವ ಕ್ಯಾನ್ಸರನ್ನು ತೋರಿಸುತ್ತದೆ, ಅದು ಇದ್ದವರು ಮುಂದೆ ಏನಾಗುತ್ತಾರೆ ಎಂಬುದನ್ನು ಪರಿಶೀಲಿಸಿ ಒಂದು ಡೇಟಾಬೇಸಿಗೆ ಸೇರಿಸಬೇಕು. ಅದು ಡಾಕ್ಟರುಗಳಿಗೆ, ಸಂಶೋಧಕರಿಗೆ ಎಂದು ಮಾಡಿದ್ದು. ಆದರೆ ಇಂಟರ್ನೆಟ್ ಇದ್ದ ಯಾರು ಬೇಕಾದರೂ ತೆರೆಯಬಹುದು. ಕಾಕಿಯ ಮಗ ತೆರೆದ.

ಅವನು ಲಿಂಗಸುಗೂರಿನ ಕಚೇರಿಯೊಂದರಲ್ಲಿ ನೌಕರ. ಓದಿದವನು, ಯಾವುದನ್ನೂ ತಾನೇ ನೋಡದೆ ನಂಬುವವನಲ್ಲ. ಕಾಕಿಯ ಎದೆಯಲ್ಲಿ ಗಡ್ಡೆ ಕಂಡು ರಾಯಚೂರಿಗೆ ಕರೆದೊಯ್ದಿದ್ದ. ಕ್ಯಾನ್ಸರ್, ಬೇರೆ ಕಡೆ ಇನ್ನೂ ಹಬ್ಬಿಲ್ಲ, ಕೂಡಲೇ ಕಿಮೋ ಶುರುಮಾಡಿ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಕಾಕಿಯ ಮಗಳ ಮದುವೆ ಗೊತ್ತಾಗಿತ್ತು. ಕಾಕಿಗೆ ಬರೀ ನೀರುಗಡ್ಡೆ ಎಂದು ಹೇಳಿ, ಚಹಾ ಮಾಡಲು ಒಳಗೆ ಕಳಿಸಿ, ಪಡಸಾಲೆಯಲ್ಲಿ ಅವಳ ಆಯುಷ್ಯದ ಮಾತುಕತೆ ನಡೆಸಿದರು. ತಿಳಿದವಳೆಂದು ನನ್ನನ್ನೂ ಸಿಂಧನೂರಿನಿಂದ ಕರೆಸಿದ್ದರು.

ಮಗ ಮೊಬೈಲನ್ನು ನನ್ನ ಮುಂದೆ ಹಿಡಿದ. ಕಾಕಿಯ ರಿಪೋರ್ಟಿನಲ್ಲಿ ಕಿ-67 ಎಂಬ ಗುರುತಿತ್ತು. ಗಡ್ಡೆಯ ಜೀವಕೋಶಗಳು ಎಷ್ಟು ಬೇಗ ಹೆಚ್ಚುತ್ತಿವೆ ಎಂದು ಹೇಳುವ ಗುರುತು ಅದು. ಅದನ್ನು ಅವನೇ ಹುಡುಕಿದ್ದ.

"ನಿಮ್ಮದ ಸೈಟು, ನೋಡು. ಇದು ಹೆಚ್ಚಿದ್ರ ಮುಂದಿನ ಗತಿ ಚಲೋ ಇಲ್ಲಂತ ಬರದೀರಿ. ಅವ್ವಗ ಹೆಚ್ಚೈತಿ."

ಮೊಬೈಲಿನ ಸಣ್ಣ ಪರದೆಯಲ್ಲಿ ಮೊದಲ ಕಾಲಂಗಳಷ್ಟೇ ಕಾಣುತ್ತವೆ. ನಾನು ಬೆರಳಿನಿಂದ ಸರಿಸಿ ಬಲಗಡೆಯ ಕಾಲಂ ತೋರಿಸಿದೆ. ಬೇಗ ಬೆಳೆಯುವ ಇಂಥ ಗಡ್ಡೆಗೇ ಕಿಮೋ ಹೆಚ್ಚು ನಾಟುತ್ತದೆ ಎಂದು ಅಲ್ಲಿತ್ತು.

"ಎರಡೂ ಕೂಡಿಸಿ ಓದಬೇಕಣ್ಣ. ಔಷಧಿ ಇಲ್ಲಂದ್ರ ಕೆಟ್ಟದ್ದು. ಈಗ ಹೋದ್ರ ಉಳಿಯೋ ದಾರಿ ಐತಿ."

"ಉಳೀತಾಳಂತ ಗ್ಯಾರಂಟಿ ಕೊಡ್ತೀಯೇನು?"

ಗ್ಯಾರಂಟಿ ಯಾರೂ ಕೊಡುವುದಿಲ್ಲ ಎಂದೆ. ಅವನಿಗೆ ಅಷ್ಟೇ ಬೇಕಿತ್ತು.

"ಹಂಗಾರ ಮೊದಲು ಮದುವಿ ಆಗ್ಲಿ. ಕಿಮೋಕ್ಕ ಕೂದಲಾ ಉದುರ್ತಾವ. ಬೋಳ ತೆಲಿ ಇಟ್ಕೊಂಡು ಅವ್ವ ಧಾರಿಗಿ ನಿಂತ್ರ ಬೀಗರು ಕೇಳೂದಿಲ್ಲೇನು? ತಾಯಿಗಿದ್ದದ್ದು ಮಗಳಿಗೂ ಬರ್ತೈತಂತ ಸಂಬಂಧನ ಬಿಡ್ತಾರ."

ಕಾಕಿಯ ಗಂಡ, ನಮ್ಮ ಕಾಕಾ, ಹ್ಞೂಂ ಎಂದರು. ಅವರು ಹುಟ್ಟಿದ್ದೇ ಹ್ಞೂಂ ಎನ್ನಲಿಕ್ಕೆ. ಅಷ್ಟರಲ್ಲಿ ಕಾಕಿ ಚಹಾ ತಂದಳು. ಎಲ್ಲರ ಕೈಗೂ ಕಪ್ಪು ಕೊಟ್ಟು, ಕೊನೆಗೆ ನನ್ನ ಮುಖವನ್ನೇ ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ನನ್ನನ್ನು ಕರೆದಳು. "ನಿನ್ನ ಕಂಪ್ಯೂಟರಿನ್ಯಾಗ ನನ್ನ ಗಡ್ಡಿ ಐತೇನ್ ಬೇ? ಖರೇ ಹೇಳು." ನಾನು ಮುಚ್ಚಿಡಲಿಲ್ಲ. ಕ್ಯಾನ್ಸರ್ ಎಂದೆ, ಔಷಧಿ ಇದೆ ಎಂದೆ, ಕೂದಲು ಹೋಗುತ್ತದೆ ಎಂದೂ ಹೇಳಿದೆ.

"ಕೂದಲಕ್ಕ ಬೆಂಕಿ ಹಚ್ಚು. ನಾ ಬದುಕಬೇಕು ಬೇ. ನಡಿ, ನೀನ ಕರ್ಕೊಂಡು ನಡಿ."

ನಮ್ಮ ಕಡೆ ಹೆಂಗಸರು ಮಕ್ಕಳಿಗಾಗಿ ಬದುಕಬೇಕು ಎನ್ನುತ್ತಾರೆ. ಕಾಕಿ ಯಾರ ಹೆಸರನ್ನೂ ಹೇಳಲಿಲ್ಲ. ಕೈಚೀಲಕ್ಕೆ ಸೀರೆ ತುಂಬಿಕೊಂಡು ಹೊರಟೇಬಿಟ್ಟಳು. ಬಾಗಿಲಲ್ಲಿ ಮಗಳು ಅಡ್ಡ ನಿಂತಳು.

"ನೀ ದವಾಖಾನಿಗಿ ಹೋದ್ರ ಊರಿಗೆಲ್ಲ ಗೊತ್ತಾಗ್ತೈತಿ ಯವ್ವ. ಈ ಸಂಬಂಧ ಮುರದ್ರ ನಾ ಜೀವಾ ಇಟ್ಕೊಳ್ಳಂಗಿಲ್ಲ."

ಊರಲ್ಲಿ ಯಾರಿಗೂ ಸೋಲದ ಬಾಯಿ ಅಲ್ಲಿ ಮುಚ್ಚಿತು. ಒಳಗೆ ಹೋಗಿ ಸೀರೆಗಳನ್ನು ತೆಗೆದು ಟ್ರಂಕಿನಲ್ಲಿಟ್ಟಳು. ಸಂಜೆ ಮಗ ನಮ್ಮ ಮನೆಗೆ ಬಂದು, ಇನ್ನು ತಮ್ಮ ಮನೆಯ ವಿಷಯದಲ್ಲಿ ಬಾಯಿ ಹಾಕಬೇಡ ಎಂದು ಎಚ್ಚರಿಸಿ ಹೋದ. ಅದಾದ ಮೇಲೆ ಆಸ್ಪತ್ರೆಗೆ ಹೋಗೋಣವೆಂದು ನಾನು ಕರೆದರೂ ಕಾಕಿ ಬರಲಿಲ್ಲ.

ಮದುವೆ ಭರ್ಜರಿಯಾಯಿತು. ಧಾರೆ ಎರೆಯುವಾಗ ಕಾಕಿಯ ಎಡಗೈ, ಗಡ್ಡೆಯಿದ್ದ ಕಡೆಯದು, ಮೇಲೇಳಲಿಲ್ಲ. ಕಾಕಾ ಅದನ್ನು ಎತ್ತಿ ಹಿಡಿದುಕೊಂಡರು. ಬೀಗಿತಿಯರು ಅವಳ ತುರುಬನ್ನು ಮುಟ್ಟಿ ನೋಡಿ, ಈ ವಯಸ್ಸಿಗೂ ಎಂಥ ಕೂದಲು, ಏನು ಹಚ್ಚುತ್ತೀರಿ ಎಂದು ಕೇಳಿದರು. ಮೆಂತ್ಯೆ ಎಂದಳು.

ಆಮೇಲಿನದು ಬೇಗ ಮುಗಿಯಿತು. ಕೆಮ್ಮು ಶುರುವಾಯಿತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ... ಮತ್ತೆ ರಾಯಚೂರಿಗೆ ಒಯ್ದಾಗ ಶ್ವಾಸಕೋಶಕ್ಕೆ ಹಬ್ಬಿತ್ತು. ಕಿಮೋ ತಾಳುವ ಶಕ್ತಿ ಈ ದೇಹಕ್ಕಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದರು. ನಾನು ನೋಡಲು ಹೋದಾಗ ನನ್ನ ಕೈಯನ್ನು ತನ್ನ ಜಡೆಯ ಮೇಲಿಟ್ಟುಕೊಂಡಳು. "ನೋಡ್ ಬೇ, ಒಂದೂ ಉದುರಿಲ್ಲ," ಎಂದು ನಗಲು ಹೋಗಿ ಕೆಮ್ಮಿದಳು.

ಹೆಣಕ್ಕೆ ನೀರು ಹಾಕಿದ ಹೆಂಗಸರು ಪುಣ್ಯವಂತಿ ಎಂದರು. ಮಗಳ ಮದುವೆ ಕಂಡಳು, ಮುತ್ತೈದೆಯಾಗಿ ಹೋದಳು, ತಲೆ ತುಂಬ ಕೂದಲಿತ್ತು. ನನಗೆ ಒಬ್ಬೊಬ್ಬರ ಕೆನ್ನೆಗೂ ಬಾರಿಸಬೇಕೆನಿಸಿತು. ಮಣ್ಣು ಮುಗಿಸಿ ಬಂದ ಮಗ ನನ್ನ ಪಕ್ಕ ಕುಳಿತ. "ನಿಮ್ಮ ಸೈಟಿನ್ಯಾಗ ಬರದಂಗ ಆತು ನೋಡು," ಎಂದ. "ಕರೆಕ್ಟ್ ಐತಿ ನಿಮ್ಮ ಡೇಟಾ." ವ್ಯಂಗ್ಯವಾಗಿ ಹೇಳಲಿಲ್ಲ. ಅಳುತ್ತ ಹೇಳಿದ.

ಇವತ್ತು ಅದೇ ಗುರುತಿನ ಬಗ್ಗೆ ಹೊಸ ಲೇಖನವೊಂದು ಬಂದಿದೆ, ಓದುತ್ತಿದ್ದೇನೆ. ಚಿಕಿತ್ಸೆ ಪಡೆಯದವರನ್ನು ಈ ಅಧ್ಯಯನದಿಂದ ಕೈಬಿಟ್ಟಿದ್ದಾರೆ. ಇಂಥ ಎಷ್ಟೋ ಲೇಖನಗಳಲ್ಲಿ ಹಾಗಿರುತ್ತದೆ, ಓದಿ ಮುಂದೆ ಹೋಗುತ್ತೇನೆ. ತಪ್ಪೇನಲ್ಲ. ಔಷಧಿ ಹೇಗೆ ನಾಟುತ್ತದೆ ಎಂದು ತಿಳಿಯಬೇಕಾದರೆ ತೆಗೆದುಕೊಂಡವರನ್ನೇ ನೋಡಬೇಕು. ಆದರೆ ಇವತ್ತು ಅಲ್ಲೇ ಕುಳಿತುಬಿಟ್ಟೆ. ಮಸ್ಕಿಗೆ ಹೋದರೆ ಗೋಡೆಯಾಚೆಯಿಂದ ಈಗ ಯಾರೂ ಬೈಯುವುದಿಲ್ಲ. ನನಗೆ ಆ ಕೆಟ್ಟ ಬಾಯಿ ಬೇಕಾಗಿತ್ತು... ಬದುಕಬೇಕೆಂದು ಚೀಲ ಹಿಡಿದು ಹೊರಟವಳನ್ನು ಹೊಸ್ತಿಲಲ್ಲಿ ತಡೆದು ಸಾಯಿಸಿದರು ಎಂದು ಬರೆಯಲು ನಮ್ಮಲ್ಲಿ ಕಾಲಂ ಇಲ್ಲ. ಅವಳ ಮಗ ಈಗಲೂ ಮೊಬೈಲಿನಲ್ಲಿ ಆ ಪುಟ ತೆರೆದರೆ, ತಾನು ಮಾಡಿದ್ದು ಸರಿ ಎಂದೇ ಅಲ್ಲಿ ಓದಿಕೊಳ್ಳುತ್ತಾನೆ.